ಲಕೋಟೆ ಒಡೆಯುವವರೆಗೆ

"ಒಂದು ನಿಮಿಷ ನಿಲ್ಲಿ! ನಾನೇನು ಅನ್ಯಾಯ ಮಾಡಿದ್ದೀನಿ ಅಂತ ಹೀಗೆ ಮುಖ ತಿರುಗಿಸ್ಕೊಂಡು ಓಡಾಡ್ತೀರಾ?"

ಲ್ಯಾಬಿನ ಕಿರಿದಾದ ಪಡಸಾಲೆಯಲ್ಲಿ ಅವಳು ಅವನಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಕಪ್ಪೆಯ ಗೊದಮೊಟ್ಟೆಗಳ ಟಬ್ಬು. ಅಡ್ಡ ಬಂದ ರಭಸಕ್ಕೆ ನೀರು ತುಳುಕಿ ಅವನ ಬೂಟು ಒದ್ದೆಯಾಯಿತು.

ಅವನು ನೆಲ ನೋಡುತ್ತಲೇ ಅಂದ, "ಈಗ ಬೇಡ... ಶುಕ್ರವಾರದವರೆಗೆ ಬಿಟ್ಟುಬಿಡಿ."

ಅಷ್ಟೇ! ಪಕ್ಕಕ್ಕೆ ಸರಿದು ಹೋಗಿಯೇಬಿಟ್ಟ.

ಅವಳು ಸಂಶೋಧಕಿ. ಅವನು ವಿಕಿರಣದ ಕೋಣೆಯ ಟೆಕ್ನಿಷಿಯನ್. ಇಪ್ಪತ್ತು ಟಬ್ಬುಗಳಲ್ಲಿ ಹತ್ತಕ್ಕೆ ಅವನು ದಿನಾ ಅತಿ ಕಡಿಮೆ ಪ್ರಮಾಣದ ವಿಕಿರಣ ಕೊಡಬೇಕು. ಯಾವ ಹತ್ತು ಎಂಬುದು ಅವನಿಗೆ ಗೊತ್ತು; ಆ ಪಟ್ಟಿಯ ಪ್ರತಿ ಅಂಟಿಸಿದ ಲಕೋಟೆಯಲ್ಲಿದೆ, ಪ್ರಯೋಗ ಮುಗಿಯುವ ಶುಕ್ರವಾರ ಒಡೆಯುತ್ತಾರೆ. ಅವಳಿಗೆ ಗೊತ್ತಾಗಲೇಬಾರದು. ಗೊತ್ತಾದರೆ ಕಣ್ಣು ಮೋಸ ಮಾಡುತ್ತದೆ, ಇಲ್ಲದ ಸೊಟ್ಟ ಬಾಲವೂ ಕಾಣತೊಡಗುತ್ತದೆ. ಯಾವ ಮರಿಯ ಬಾಲ ಸೊಟ್ಟಗಿದೆ, ಯಾವುದಕ್ಕೆ ಕಾಲು ಮೂಡಿತು ಎಂದು ಎಣಿಸುವುದಷ್ಟೇ ಅವಳ ಪಾಲು.

ಮೊದಲ ವಾರ ಇಬ್ಬರೂ ಒಟ್ಟಿಗೇ ಟೀ ಕುಡಿದಿದ್ದರು. ಎಷ್ಟು ನಗಿಸಿದ್ದ! ಎಂಟನೇ ದಿನದಿಂದ ಮಾತಿಲ್ಲ, ಕತೆಯಿಲ್ಲ. ಅವಳು ಬಂದರೆ ಎದ್ದು ಹೋಗುತ್ತಿದ್ದ. ಹೀಗೇ ಎರಡು ತಿಂಗಳು!

'ನಾನೇನು ಹುಲಿನಾ, ಕರಡಿನಾ?'

ಅಂದು ಸಂಜೆ ಮನೆಯಲ್ಲಿ ಅಕ್ಕನ ಮುಂದೆ ಗೋಳು ತೋಡಿಕೊಂಡಳು.

"ಲೇ ಪುಟ್ಟಿ, ದಿನಾ ಆ ಮೌನಿ ಪುರಾಣನೇ ಆಯ್ತು. ಅವನಂದ್ರೆ ನಿನಗೆ ಇಷ್ಟ, ಸುಮ್ನೆ ಒಪ್ಕೋ!"

"ಇಷ್ಟಾನಾ? ಅವನ್ನ ಕಂಡ್ರೆ ಮೈ ಉರಿಯುತ್ತೆ!"

ಅಂದವಳು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುದಿನವೇ ಬೇರೆ ಲ್ಯಾಬಿಗೆ ಕಳಿಸಿ ಎಂದು ಗೈಡ್ ಮೇಡಂಗೆ ಅರ್ಜಿ ಕೊಟ್ಟಳು. "ಶುಕ್ರವಾರ ಲಕೋಟೆ ಒಡೆದ ಮೇಲೆ ಸಹಿ ಹಾಕ್ತೀನಿ," ಎಂದರು ಅವರು.

ಶುಕ್ರವಾರ ಲಕೋಟೆ ಒಡೆದರು. ವಿಕಿರಣ ತಗುಲಿದ ಮರಿಗಳಿಗೆ ಕಾಲು ಮೂಡಿದ್ದು ಒಂದೆರಡು ದಿನ ತಡ. ಬಾಲದಲ್ಲಿ ವ್ಯತ್ಯಾಸವೇ ಇಲ್ಲ!

"ಇಷ್ಟರಿಂದ ಏನೂ ಹೇಳೋಕಾಗಲ್ಲ. ಮೊದಲಿಂದ ಇನ್ನೊಂದು ಸಲ ಮಾಡ್ಬೇಕು," ಎಂದು ಮೇಡಂ ಎದ್ದುಹೋದರು.

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಎರಡು ತಿಂಗಳ ದುಡಿಮೆ ನೀರುಪಾಲು!

"ಈಗ ಮಾತಾಡಬಹುದಾ?"

ಅವನು! ನೇರವಾಗಿ ಅವಳ ಮುಖವನ್ನೇ ನೋಡುತ್ತಿದ್ದ.

"ಎಂಟನೇ ದಿನ ನೀವು ಒಂದು ಟಬ್ಬು ಎಣಿಸಿ, ಬಾಲ ಎಲ್ಲಾ ನೆಟ್ಟಗಿವೆ ಅಂದ್ರಿ. ಅದು ವಿಕಿರಣ ಕೊಟ್ಟ ಟಬ್ಬು, ನನ್ನ ಹುಬ್ಬು ಮೇಲೆ ಹೋಯ್ತು. ನೀವು ಅದನ್ನ ನೋಡಿ ತಕ್ಷಣ ಮತ್ತೆ ಎಣಿಸಿ, ಎರಡು ಸೊಟ್ಟ ಅಂತ ಬರೆದ್ರಿ. ಮೇಡಂಗೆ ಹೇಳಿ ಆ ಟಬ್ಬನ್ನೇ ಲೆಕ್ಕದಿಂದ ತೆಗೆಸಿದೆ. ನನ್ನ ಮುಖ ನಿಮ್ಮ ಕೆಲಸ ಕೆಡಿಸ್ತಿತ್ತು. ಅದಕ್ಕೇ..."

"ಒಂದು ಚೀಟಿ ಬರೆದಿಡೋಕೆ ಏನಾಗಿತ್ತು?" ಅವಳು ಎಣಿಕೆಯ ಪುಸ್ತಕವನ್ನು ಮೇಜಿಗೆ ಕುಕ್ಕಿದಳು. "ಎರಡು ತಿಂಗಳು ರೀ!"

"ಬರೆದೆ. ನಾಲ್ಕು ಸಲ. ಪ್ರತಿ ಸಲ ಕೊನೇಲಿ, ನೀವಂದ್ರೆ ನನಗಿಷ್ಟ ಅಂತ ಬಂದ್ಬಿಡ್ತಿತ್ತು. ಹರಿದುಹಾಕಿದೆ."

ಅವಳ ಕೋಪ ಅರ್ಧ ಇಳಿಯಿತು. ಇನ್ನರ್ಧ ಇತ್ತು.

"ಮತ್ತೆ ಎರಡು ತಿಂಗಳು ಹೀಗೇ ಇರ್ತೀರಾ?"

"ಇಲ್ಲಪ್ಪಾ! ಮುಂದಿನ ಪ್ರಯೋಗಕ್ಕೆ ಪಟ್ಟಿ, ವಿಕಿರಣ ಕೊಡೋ ಕೆಲಸ ಎರಡನ್ನೂ ಬೇರೆಯವರ ಕೈಗೆ ಕೊಡಿ ಅಂತ ಮೇಡಂನ ಕೇಳ್ಕೊಂಡಿದ್ದೀನಿ. ಯಾವ ಟಬ್ಬು ಯಾವುದು ಅಂತ ನನಗೂ ಗೊತ್ತಿರಲ್ಲ. ನಿಮ್ಮ ಪಕ್ಕ ನಿಂತು ನೀರು ಬದಲಾಯಿಸ್ತೀನಿ... ಮೇಡಂ ಹೇಳಿದ ಆ ಅರ್ಜಿ ಬಿಟ್ಟು ನೀವು ಇಲ್ಲೇ ಇದ್ರೆ."

"ಅರ್ಜಿ ವಾಪಸ್ ತಗೋತೀನಿ. ನನಗೂ..."

"ನಿಮಗೂ?"

"ನನಗೂ ನೀವಂದ್ರೆ ಇಷ್ಟ. ಸಾಕಾ?"

"ಸಾಲದು," ಅವನ ಕಣ್ಣು ತುಂಬಿತ್ತು. "ಇನ್ನೊಂದು ಸಲ ಹೇಳಿ."