ಗೇಣು ದಪ್ಪದ ಗೋಡೆ

ಇದು ನಡೆದದ್ದು ಹಾಡಹಗಲೇ. ಕಲಾಶಾಲೆಯ ಕೊನೆಯ ವರ್ಷ, ಜನ ಒಳಹೊಕ್ಕು ಮುಟ್ಟಿ ನೋಡುವಂಥ ಕೋಣೆಯೊಂದನ್ನು ಕಟ್ಟಿದ್ದೆ. ಬಡಗಿಯಾಗಿದ್ದ ತಾತ, ಅಮ್ಮನ ಅಪ್ಪ, ತೀರಿಕೊಂಡ ಮೇಲೆ ಉಳಿದ ಅಂಗಿಗಳು, ಹಳತಾಗಿ ಕಪ್ಪಿಟ್ಟ ಮರದ ಹೊಟ್ಟು, ಮೇಣ, ಪ್ಲಾಸ್ಟರ್ ಎಲ್ಲ ಸೇರಿಸಿ ನಡುವೆ ಗೇಣು ದಪ್ಪದ ಗೋಡೆ ಎಬ್ಬಿಸಿದ್ದೆ. ಹಸಿಯಿದ್ದಾಗ ನನ್ನ ಕೈಯೊತ್ತಿ ಬೆರಳುದ್ದದ ಗುಳಿ ಮಾಡಿದ್ದೆ.

"ಕೈ ಹಾಕಿದ್ರೆ ಬಹುಮಾನ ಏನಾದ್ರೂ ಇದೆಯೇನೇ?" ನೋಡಲು ಬಂದಿದ್ದ ಅಮ್ಮ ನಗುತ್ತಲೇ ಗುಳಿಗೆ ಕೈ ತೂರಿಸಿದಳು.

ನಗು ನಿಂತಿತು. ಕೈ ಮೊಣಕೈವರೆಗೂ ಒಳಗೆ ಹೋಗಿತ್ತು. ಗುಳಿಯಿಂದ ಬೆಚ್ಚಗಿನ ಗಾಳಿ ಬರುತ್ತಿತ್ತು.

"ಅಮ್ಮಾ, ತೆಗಿ!"

"ತಡಿಯೇ, ಹಿಡ್ಕೊಂಡಿದಾರೆ. ರಸ್ತೆ ದಾಟಿಸೋವಾಗ ಅಪ್ಪ ನನ್ನ ಕಿರುಬೆರಳು ಮಾತ್ರ ಹಿಡ್ಕೋತಿದ್ರು. ಹಾಗೇ."

ಅವಳ ಮುಖ ಕಂಡು ಎಳೆಯಲು ನನಗೆ ಮನಸ್ಸಾಗಲಿಲ್ಲ. ಗೋಡೆಯ ಹಿಂಬದಿಗೆ ಓಡಿದೆ. ಅಲ್ಲಿ ಒಂದು ಬಿರುಕೂ ಇರಲಿಲ್ಲ. ಮುಟ್ಟಿದರೆ ಗೋಡೆ ಮೈಯಷ್ಟೇ ಬೆಚ್ಚಗಿತ್ತು.

ಸ್ವಲ್ಪ ಹೊತ್ತಿಗೆ ಅಮ್ಮ ತಾನಾಗಿಯೇ ಕೈ ಹೊರತೆಗೆದಳು. ನಾನು ಗುಳಿಯೊಳಗೆ ಬೆರಳಿಟ್ಟು ನೋಡಿದೆ. ಬೆರಳುದ್ದಕ್ಕೇ ತಣ್ಣನೆಯ ಪ್ಲಾಸ್ಟರ್ ತಗುಲಿತು. ಅಮ್ಮನ ತೋಳಿಗೆ ಮಾತ್ರ, ಮೊಣಕೈವರೆಗೂ ಮರದ ಹೊಟ್ಟು ಮೆತ್ತಿಕೊಂಡಿತ್ತು. ಬೆಳ್ಳಗೆ, ಆಗಷ್ಟೇ ಕೊಯ್ದದ್ದು.