ಗಗನಳ ಅಂಗೈಗೆ ಸಿಕ್ಕ ಬೀಟ್

ಸಬ್‌ವೂಫರ್ ಡಬ್ಬ ಪಟಪಟ ಹೊಡೆದುಕೊಳ್ಳತೊಡಗಿದಾಗ ಸಿಂಚನ ಗಾಬರಿಯಿಂದ ಫೋನಿನ ಮೇಲಿದ್ದ ಬೆರಳು ತೆಗೆದಳು. ಹಾಡು ಹಾಗೇ ಓಡುತ್ತಿತ್ತು. ಡಬ್ಬದ ಮುಂಭಾಗದ ದುಂಡನೆಯ ತೂತಿನಿಂದ ಗಾಳಿ ಬುಸ್ ಎಂದು ಬಂದು, ನೆಲದ ಮೇಲಿದ್ದ ಪೇಪರ್ ಹಾರಿತು.

ಎದುರಿಗೆ ಬರಿಗಾಲಲ್ಲಿ ನಿಂತಿದ್ದ ಗಗನ, ಕಾಲಿಗೆ ಏನೂ ಬರುತ್ತಿಲ್ಲ ಎಂಬಂತೆ ತಲೆಯಾಡಿಸಿದಳು.

ಗಗನ ಸಿಂಚನಳ ಕ್ಲಾಸಿನವಳು. ಡ್ಯಾನ್ಸ್ ಪ್ರಾಕ್ಟೀಸಿಗೆಂದು ಚಾಮರಾಜಪುರಂನಿಂದ ಸರಸ್ವತಿಪುರಂಗೆ, ಸಿಂಚನಳ ಮನೆಗೆ ಬಂದಿದ್ದಳು. ಅವಳ ಎರಡೂ ಕಿವಿಗೆ ಮೆಷಿನ್ ಇತ್ತು. ಹತ್ತಿರ ನಿಂತು ಮಾತಾಡಿದರೆ ತಿಳಿಯುತ್ತಿತ್ತು. ಹಾಡು ಮಾತ್ರ ಕಲಸಿದಂತೆ ಕೇಳುತ್ತಿತ್ತು. ಅದಕ್ಕೇ ಅವಳು ನೆಲದ ಅದುರು ಪಾದಕ್ಕೆ ತಾಗುವುದನ್ನೇ ಹಿಡಿದು ಕುಣಿಯುತ್ತಿದ್ದಳು.

ಸ್ಕೂಲಿನ ಸ್ಪೀಕರಿನಲ್ಲಿ ಅಷ್ಟು ಬೇಸ್, ಅಂದರೆ ನೆಲ ಅದುರಿಸುವ ತಗ್ಗಿನ ಸದ್ದು, ಇರಲಿಲ್ಲ. ಅಲ್ಲಿನ ಪ್ರಾಕ್ಟೀಸಿನಲ್ಲಿ ಗಗನ ಮತ್ತೆ ಮತ್ತೆ ತಪ್ಪಿದ್ದಳು. ಸೋಮವಾರವೂ ಹೀಗೇ ಆದರೆ ಹಿಂದಿನ ಸಾಲಿಗೆ ಹಾಕಬೇಕಾಗುತ್ತದೆ ಎಂದು ಡ್ಯಾನ್ಸ್ ಕಲಿಸುವ ಅನುಪಮಾ ಮಿಸ್ ಬೇಜಾರಿನಿಂದಲೇ ಹೇಳಿದ್ದರು. ಗಗನ ಆಮೇಲೆ ಬ್ಯಾಗ್ ಹಾಕಿಕೊಂಡು ಒಬ್ಬಳೇ ಹೋಗಿ ಗೇಟಿನ ಹತ್ತಿರ ನಿಂತಿದ್ದಳು. ಅದನ್ನು ನೋಡಲಾಗದೆ ಸಿಂಚನ, ಮನೆಯಲ್ಲಿ ಯಾರನ್ನೂ ಕೇಳದೆ, ಅಣ್ಣನ ಸ್ಪೀಕರ್ ಡಬ್ಬ ತರುತ್ತೇನೆ ಎಂದು ಮಿಸ್‌ಗೆ ಮಾತು ಕೊಟ್ಟುಬಿಟ್ಟಿದ್ದಳು.

ಸದ್ದು ಕೇಳಿ ದಿಲೀಪ್ ಅಣ್ಣ ರೂಮಿನಿಂದ ಓಡಿ ಬಂದ. ಮೊದಲು ವಾಲ್ಯೂಮ್ ಇಳಿಸಿದ. ಫೋನಿನ ಈಕ್ವಲೈಸರಿನಲ್ಲಿ ಒಂದೊಂದು ಬಗೆಯ ಸದ್ದನ್ನು ಏರಿಸಿ ಇಳಿಸುವ ಕಡ್ಡಿಗಳು ಸಾಲಾಗಿದ್ದವು. ಎಡಗಡೆಯ ಮೊದಲನೆಯದು, ಎಲ್ಲಕ್ಕಿಂತ ತಗ್ಗಿನ ಸದ್ದಿನದು, ತುದಿಗೇರಿತ್ತು.

"ಬೇಸ್ ಜಾಸ್ತಿ ಮಾಡ್ತಿದ್ದೆ," ಎಂದಳು ಸಿಂಚನ. "ಗಗನಂಗೆ ಬೇಕು."

"ಜಾಸ್ತಿ ಎಲ್ಲಾಯ್ತು? ಒಳಗೆ ಸ್ಪೀಕರಿನ ಪರದೆ ಸುಮ್ನೆ ಒದ್ದಾಡ್ತಿದೆ ಕಣೇ. ಇನ್ನೊಂಚೂರು ಬಿಟ್ಟಿದ್ರೆ ಹರಿದೇ ಹೋಗೋದು."

ಅವನು ನೀರಿನ ಬಾಟಲಿ ತಂದು ಅದರ ಬಾಯಿಗೆ ಊದಿದ. ಬೂ ಎಂದಿತು. ಡಬ್ಬದ ತೂತೂ ಹೀಗೇ, ಅದಕ್ಕೂ ತನ್ನದೇ ಒಂದು ಸ್ವರ ಇದೆ ಎಂದ. ಆ ಸ್ವರದ ಹತ್ತಿರ ತೂತು ಸ್ಪೀಕರಿಗೆ ಸಹಾಯ ಮಾಡುತ್ತದೆ. ಅದಕ್ಕಿಂತ ಕೆಳಗಿನ ಸದ್ದನ್ನು ಎಷ್ಟು ಏರಿಸಿದರೂ ಬರುವುದು ಬರೀ ಗಾಳಿ.

ಹಾಗೆ ಹೇಳಿ ಮೊದಲನೆಯ ಕಡ್ಡಿಯನ್ನು ಪೂರ್ತಿ ಕೆಳಗಿಳಿಸಿದ. ಕಡಿಮೆ ಮಾಡಿದರೆ ಹೇಗೆ ಎಂದು ಸಿಂಚನ ತಡೆಯಲು ಹೋದಳು. ಅಷ್ಟರಲ್ಲಿ ಪಟಪಟ ನಿಂತುಹೋಯಿತು. ಪಕ್ಕದ ಕಡ್ಡಿಯನ್ನು ಸ್ವಲ್ಪ ಏರಿಸಿದಾಗ ಕಿಟಕಿಯ ಗಾಜು ಮೆಲ್ಲಗೆ ಗುಂಯ್ ಎಂದಿತು.

ಇನ್ನೂ ಏರಿಸಬೇಕು ಎಂದಳು ಸಿಂಚನ. ಇಷ್ಟು ಸಾಕು ಎಂದ ದಿಲೀಪ್. ಇಬ್ಬರೂ ವಾದಕ್ಕೆ ಬಿದ್ದರು. ಗಗನ ಸಿಂಚನಳ ತೋಳು ತಟ್ಟುತ್ತಲೇ ಇದ್ದದ್ದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಅವಳು ಫೋನಿಗೆ ಕೈ ಚಾಚಿದಳು.

"ನಾನು ನೋಡ್ಲಾ?"

ಗಗನ ನೆಲದ ಮೇಲೆ ಕೂತು ಒಂದು ಅಂಗೈ ಊರಿದಳು. ಇನ್ನೊಂದು ಕೈಯಲ್ಲಿ ಆ ಎರಡನೆಯ ಕಡ್ಡಿಯನ್ನು ಮೇಲೆ ಸರಿಸಿದಳು, ತಡೆದಳು, ಮತ್ತೆ ಇಳಿಸಿದಳು. ದಿಲೀಪ್ ಇಟ್ಟಿದ್ದಕ್ಕಿಂತಲೂ ಸ್ವಲ್ಪ ಕೆಳಗೆ ನಿಲ್ಲಿಸಿದಳು.

"ಇಷ್ಟು ಕಡಿಮೆನಾ?" ಎಂದು ಕೇಳಿದಳು ಸಿಂಚನ.

"ಜಾಸ್ತಿ ಆದ್ರೆ ಎಲ್ಲಾ ಬೀಟೂ ಅಂಟ್ಕೊಂಡ್ಬಿಡುತ್ತೆ. ಈಗ ಬಿಡಿಬಿಡಿಯಾಗಿದೆ."

ಸಿಂಚನ ಅವಳ ಪಕ್ಕದಲ್ಲೇ ಕೂತು ತನ್ನ ಅಂಗೈಯನ್ನೂ ಊರಿದಳು. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ನೆಲ ಒಮ್ಮೆ ತಟ್ಟಿತು, ಸುಮ್ಮನಾಯಿತು, ಮತ್ತೆ ತಟ್ಟಿತು. ಆ ನಡುವಿನ ಸುಮ್ಮನಿರುವಿಕೆ ಇಷ್ಟು ಚೆನ್ನಾಗಿ ತಿಳಿಯುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಸೋಮವಾರ ದಿಲೀಪ್ ಡಬ್ಬವನ್ನು ಸ್ಕೂಟರಿನಲ್ಲಿ ತಂದು ಸ್ಕೂಲಿನ ಸ್ಟೇಜಿನ ಹಲಗೆಯ ಮೇಲೆ ಇಟ್ಟು ಹೋದ. ಇಲ್ಲಿ ಅದರ ಸದ್ದು ಬೇರೆಯೇ ಆಗಿತ್ತು. ಸಿಂಚನ ಕಡ್ಡಿ ಸರಿಸಲು ಹೋದವಳು ತಡೆದು, ಫೋನನ್ನು ಗಗನಳ ಕೈಗೆ ಕೊಟ್ಟಳು. ಶುರು ಮಾಡೋಣವೇ ಎಂದು ಅನುಪಮಾ ಮಿಸ್ ಕೇಳಿದರು.

"ಒಂದ್ನಿಮಿಷ ಮಿಸ್. ಅವಳು ನೋಡ್ತಿದಾಳೆ," ಎಂದಳು ಸಿಂಚನ.

ಗಗನ ಹಲಗೆಯ ಮೇಲೆ ಕೈಯೂರಿ ನೋಡಿ, ಎದ್ದು ಬಂದು ಮುಂದಿನ ಸಾಲಿನಲ್ಲಿ ನಿಂತಳು. ಹಾಡು ಶುರುವಾಯಿತು. ಅವಳ ಕಾಲು ಸರಿಯಾದ ಹೊತ್ತಿಗೆ ಎದ್ದಿತು. ಒಂದು ಸಲವೂ ಹಿಂದೆ ಬೀಳಲಿಲ್ಲ.

ನಡುವೆ ತಪ್ಪಿದವಳು ಸಿಂಚನಳೇ. ಅವಳು ಪಕ್ಕಕ್ಕೆ ತಿರುಗಿ ಗಗನಳ ಪಾದ ನೋಡಿಕೊಂಡು ಮತ್ತೆ ಕುಣಿತಕ್ಕೆ ಸೇರಿಕೊಂಡಳು.