ಗುಬ್ಬಿಗೆ ಬರೆದ ಆರು ಅರ್ಧ ಕಾಗದ

ಒಗೆದ ಬಟ್ಟೆ ಮಡಚುತ್ತಾ ಕೂತಿದ್ದ ಪುಟ್ಟಿಗೆ ನೀಲಿ ಫ್ರಾಕಿನ ಜೇಬಿನಲ್ಲಿ ಒಂದು ಕಾಗದ ಸಿಕ್ಕಿತು. ನೀರಿನಲ್ಲಿ ನೆಂದು, ಬಿಸಿಲಿಗೆ ಒಣಗಿ, ಸೆಟೆದುಕೊಂಡಿತ್ತು. ಮೇಲಿನ ತಾರೀಖು, ‘ಪ್ರೀತಿಯ ಗುಬ್ಬಿ’ ಎಂಬುದಷ್ಟೇ ಉಳಿದಿತ್ತು.

“ಅಯ್ಯೋ, ಇದನ್ನೂ ಕಳಿಸಿಲ್ವಾ ನಾನು?”

“ಯಾವುದನ್ನ ಕಳಿಸಿದ್ದೀನಿ ಅಂತ ಕೇಳು. ಉತ್ತರ ಬೇಗ ಸಿಗುತ್ತೆ,” ಎಂದ ಅಣ್ಣ, ಶೂಗೆ ಪಾಲಿಶ್ ಹಚ್ಚುತ್ತಾ.

ಆರು ತಿಂಗಳ ಹಿಂದೆ ಗೆಳತಿ ಗುಬ್ಬಿ ಊರು ಬಿಟ್ಟಾಗ, “ಫೋನ್ ಬೇಡ ಕಣೇ, ಕಾಗದ ಬರಿ. ದಿಂಬಿನ ಕೆಳಗೆ ಇಟ್ಕೋತೀನಿ,” ಎಂದಿದ್ದಳು. ಅವಳಿಂದ ಮೂರು ಕಾಗದ ಬಂದವು. ನಿನ್ನೆ ಬಂದದ್ದರಲ್ಲಿ ಎರಡೇ ಸಾಲು: “ನಿಂಗೆ ಬೇರೆ ಫ್ರೆಂಡ್ ಸಿಕ್ಕಿರಬೇಕು. ಇನ್ಮೇಲೆ ನಾನು ಬರೆಯಲ್ಲ.”

ಬೇರೆ ಫ್ರೆಂಡ್! ಕ್ಲಾಸಿನಲ್ಲಿ ಪುಟ್ಟಿಗೆ ‘ಅರೆಬರೆ’ ಎಂದೇ ಹೆಸರು. ಒಂದು ಜಡೆ ಹೆಣೆದಿದ್ದರೆ ಇನ್ನೊಂದು ಬಿಚ್ಚಿರುತ್ತಿತ್ತು. ಹೋಮ್‌ವರ್ಕ್ ಮುಗಿಸಿದ ದಿನ ಪುಸ್ತಕವೇ ಮನೆಯಲ್ಲಿ. ಗುಬ್ಬಿ ಹೋದಮೇಲೆ ಊಟದ ಬೆಲ್ ಹೊಡೆದರೆ ಆ ಬೆಂಚಿನಲ್ಲಿ ಅವಳೊಬ್ಬಳೇ.

“ಇದು ಸೋಮಾರಿತನ ಅಲ್ಲ, ಎಡಿಎಚ್‌ಡಿ. ಗಮನ ಒಂದು ಕಡೆ ನಿಲ್ಲದಿರೋ ತೊಂದರೆ,” ಎಂದಿದ್ದರು ಡಾಕ್ಟರಮ್ಮ. ಅಮ್ಮ ಗೋಡೆಗೆ ಚಾರ್ಟ್ ಅಂಟಿಸಿದ್ದಳು: ಹಲ್ಲು, ಸ್ನಾನ, ಜಡೆ, ಬ್ಯಾಗ್, ಕಾಗದ. ಮೊದಲ ವಾರ ಅದು ಕಣ್ಣಿಗೆ ಹೊಡೆಯುತ್ತಿತ್ತು. ಆಮೇಲೆ ಅದೂ ಗೋಡೆಯೇ ಆಗಿಬಿಟ್ಟಿತು.

“ದಿನಾ ಮಾಡೋದನ್ನ ಅದ್ಹೇಗೆ ಮರೀತೀಯೇ?” ಅಣ್ಣ ಕೇಳಿದ.

“ಹಲ್ಲುಜ್ಜೋಕೆ ನೀನು ಯೋಚ್ನೆ ಮಾಡ್ತೀಯಾ?”

“ಇಲ್ಲಪ್ಪ. ಕೈ ತಾನಾಗೇ ಹೋಗುತ್ತೆ.”

“ನನ್ನ ಕೈ ಹೋಗಲ್ಲ ಕಣೋ. ನಂಗೆ ದಿನಾ ಮೊದಲನೇ ದಿನ.”

ಅಣ್ಣ ಬ್ರಶ್ ಕೆಳಗಿಟ್ಟು ಎದ್ದ.

“ಉಳಿದ ಕಾಗದ ಎಲ್ಲೆಲ್ಲಿವೆ? ಬಾ, ಹುಡುಕೋಣ.”

ಗಣಿತದ ಪುಸ್ತಕದಲ್ಲಿ ಎರಡು, ಮಂಚದ ಕೆಳಗೊಂದು, ಫ್ರಿಜ್ ಮೇಲೊಂದು, ಹಳೇ ಶೂ ಒಳಗೊಂದು. ಒಂದು, ‘ಇವತ್ತು ಏನಾಯ್ತು ಗೊತ್ತಾ’ ಎಂಬಲ್ಲಿಗೇ ನಿಂತಿತ್ತು. ಇನ್ನೊಂದು, ‘ನೀನಿಲ್ದೆ’ ಎಂಬಲ್ಲಿಗೆ.

ಪುಟ್ಟಿ ಹೊಸ ಹಾಳೆ ತೆಗೆದುಕೊಂಡಳು.

“ಏಳನೇದು ಶುರು ಮಾಡ್ಬೇಡ ತಾಯಿ!” ಅಣ್ಣ ಕೈಮುಗಿದ.

ಅವಳು ಆರನ್ನೂ ನೆಲದ ಮೇಲೆ ಸಾಲಾಗಿ ಇಟ್ಟು ನೋಡಿದಳು. ಒಂದೊಂದರ ಮೇಲಿನ ತಾರೀಖೂ ಒಂದೊಂದು ತಿಂಗಳದು. ಯಾವ ತಿಂಗಳೂ ಬಿಟ್ಟಿರಲಿಲ್ಲ.

ಆಮೇಲೆ ಹೊಸ ಹಾಳೆಯಲ್ಲಿ ಇಷ್ಟೇ ಬರೆದಳು: “ಮುಗಿಸಿ ಕಳಿಸೋಣ ಅಂತಿದ್ದೆ ಕಣೇ. ಮುಗೀಲಿಲ್ಲ. ಹೀಗೇ ಕಳಿಸ್ತಿದ್ದೀನಿ.”

ಎಲ್ಲವನ್ನೂ ಒಂದೇ ಕವರಿಗೆ ತುಂಬಿದಳು. ಅದು ಉಬ್ಬಿಕೊಂಡಿತು.

“ಬಟ್ಟೆ ಮಡಚೋದು?”

“ಬಟ್ಟೆ ಯಾರಿಗೂ ಕಾಯ್ತಿಲ್ವಲ್ಲ!”

ಬೀದಿ ಮೂಲೆಯ ಅಂಚೆ ಡಬ್ಬಿಯವರೆಗೂ ಅಣ್ಣ ತುಟಿ ಬಿಚ್ಚಲಿಲ್ಲ. ಮಾತಾಡಿದರೆ ತಂಗಿಯ ಮನಸ್ಸು ಎಲ್ಲಿ ಹಾರಿಹೋಗುತ್ತದೋ ಎಂದು. ಪುಟ್ಟಿ ಕವರನ್ನು ಒಳಗೆ ತೂರಿಸಿ ಸ್ವಲ್ಪ ಹೊತ್ತು ಹಿಡಿದೇ ಇದ್ದಳು.

ಆಮೇಲೆ ಬಿಟ್ಟಳು. ಒಳಗೆ ಟಪ್ ಎಂದಿತು.